ಆ ವಾರದ ಕಾಫಿ

ಮನೆಯವರಿಗೆ ಗೊತ್ತಾಗದ ಹಾಗೆ ಮನೆಯವರಿಗೆ ಒಳ್ಳೆಯದು ಮಾಡುವುದರಲ್ಲಿ ಗಂಗಲಕ್ಷ್ಮಿ ಪಳಗಿದ್ದಳು. ಚನ್ನರಾಯನದುರ್ಗದಿಂದ ಮದುವೆಯಾಗಿ ಮಧುಗಿರಿಗೆ ಬಂದ ಹೊಸದರಲ್ಲೇ ಈ ವಿದ್ಯೆ ಅವಳಿಗೆ ಕೈಹತ್ತಿತು. ಮಾವನ ಕಾಲು ಊದಿಕೊಂಡು ಡಾಕ್ಟರು ಉಪ್ಪು ಕಡಿಮೆ ಮಾಡಿ ಎಂದಾಗ ಮುದುಕ ತಟ್ಟೆ ಎಸೆದು ರಂಪ ಮಾಡಿದ್ದ. ಸೊಸೆ ವಾದಕ್ಕೆ ಹೋಗಲಿಲ್ಲ. ಸಾರಿಗೆ ಹುಳಿ ಸ್ವಲ್ಪ ಮುಂದಾಗಿ ಬಿಟ್ಟು, ಉಪ್ಪನ್ನು ದಿನದಿನಕ್ಕೆ ಚಿಟಿಕೆಯಷ್ಟು ಇಳಿಸುತ್ತ ಬಂದಳು. ಮುದುಕ ಕೊನೆಯವರೆಗೂ ಸೊಸೆಯ ಕೈರುಚಿಯನ್ನು ಹೊಗಳುತ್ತಲೇ ಉಂಡ. ಅತ್ತೆಯ ಎಲೆಯಡಿಕೆ ಚೀಲದಿಂದ ದಿನವೂ ಒಂದೆಸಳು ಹೊಗೆಸೊಪ್ಪು ಕದ್ದು ಒಲೆಗೆ ಹಾಕಿದ್ದೂ ಅವಳೇ. ಮಗಳು ಮಧುಶ್ರೀ ಸೊಪ್ಪು ಮುಟ್ಟುವುದಿಲ್ಲ ಎಂದು ಹಟ ಹಿಡಿದ ವರ್ಷ, ಅದನ್ನು ಅರೆದು ರೊಟ್ಟಿಯ ಹಿಟ್ಟಿನೊಳಗೆ ಕಲಸಿದ್ದಳು.

ಇದರಲ್ಲಿ ಮೋಸವಿದೆ ಎಂದು ಅವಳಿಗೆ ಯಾವತ್ತೂ ಅನ್ನಿಸಿರಲಿಲ್ಲ. ಹೇಳಿ ಮಾಡಿದರೆ ಜಗಳ, ಹೇಳದೆ ಮಾಡಿದರೆ ಆರೋಗ್ಯ. ಇಷ್ಟು ಸರಳವಾದ ಲೆಕ್ಕವನ್ನು ಬೇರೆ ಹೆಂಗಸರು ಯಾಕೆ ಕಲಿಯುವುದಿಲ್ಲ ಎಂದು ಅವಳಿಗೆ ಒಳಗೊಳಗೇ ಸೋಜಿಗವಿತ್ತು, ಸ್ವಲ್ಪ ಜಂಬವೂ ಇತ್ತು.

ಗಂಡ ಪಾಲಾಕ್ಷ ಖಾಸಗಿ ಬಸ್ಸಿನ ಡ್ರೈವರು. ಅವನ ಹುಟ್ಟೂರು ಪಾವಗಡದ ಕಡೆ, ಆಂಧ್ರದ ಗಡಿಗೆ ಹತ್ತಿಕೊಂಡ ಹಳ್ಳಿ. ಮಧುಗಿರಿಯಲ್ಲಿ ಅಷ್ಟು ವರ್ಷ ಕಳೆದರೂ ಮಾತಿನ ಕೊನೆಗೊಂದು ತೆಲುಗಿನ 'ಸರ್ಲೇ' ಬಿದ್ದೇ ಬೀಳುತ್ತಿತ್ತು. ಒಪ್ಪಿಗೆಯಾದರೂ ಸರ್ಲೇ, ಬೇಸರವಾದರೂ ಸರ್ಲೇ, ಮಾತು ಸಾಕು ಎಂದರೂ ಸರ್ಲೇ. ಶಂಕರಲಿಂಗಪ್ಪನವರ ಬಸ್ಸನ್ನು ಅವನು ಬೆಳಿಗ್ಗೆ ಮಧುಗಿರಿಯಿಂದ ತೆಗೆದು ಸಿರಾ ಮುಟ್ಟಿಸಿ, ಅಲ್ಲಿಂದ ಬರಗೂರು, ಹುಲಿಕುಂಟೆಯ ಕಡೆ ಹೋಗಿ ಬಂದು, ಸಂಜೆಗೆ ಮನೆ ಸೇರುತ್ತಿದ್ದ. ಈ ಹಾದಿಯಲ್ಲಿ ಅವನ ಬಸ್ಸು ಒಂದು ಕೋಳಿಯನ್ನೂ ತುಳಿದಿಲ್ಲ ಎಂಬುದು ಕಂಡಕ್ಟರ್ ಅಡವಯ್ಯ ಎಲ್ಲರಿಗೂ ಹೇಳುವ ಮಾತಾಗಿತ್ತು.

ಪಾಲಾಕ್ಷನಿಗೆ ಬೀಡಿಯಿಲ್ಲ, ಕುಡಿತವಿಲ್ಲ, ಇಸ್ಪೀಟಿಲ್ಲ. ಇದ್ದದ್ದು ಕಾಫಿ. ಎದ್ದ ಕೂಡಲೇ ಒಂದು ದೊಡ್ಡ ಲೋಟ, ಹೊರಡುವಾಗ ಇನ್ನೊಂದು, ಸೀಟಿನ ಪಕ್ಕದಲ್ಲಿ ಸದಾ ಒಂದು ಫ್ಲಾಸ್ಕು. ಹೋಟೆಲಿನ ಕಾಫಿಯನ್ನು ಅವನು ಮುಟ್ಟುತ್ತಿರಲಿಲ್ಲ. "ಬಸ್ಸಿಗೆ ಡೀಸೆಲ್ಲು, ನಂಗೆ ಇದು," ಎಂದು ಫ್ಲಾಸ್ಕನ್ನು ತಟ್ಟುತ್ತಿದ್ದ.

ಪುಡಿ ಬರುತ್ತಿದ್ದದ್ದು ರೇಣುಕಯ್ಯನ ಅಂಗಡಿಯಿಂದ. ಕಣ್ಣೆದುರೇ ಬೀಜ ಬೀಸಿ, ಕೇಳಿದಷ್ಟು ಚಿಕೋರಿ ಬೆರೆಸಿ ಕೊಡುವ ಹಳೆಯ ಅಂಗಡಿ ಅದು. ಯಾವ ಮನೆಗೆ ಎಷ್ಟು ಚಿಕೋರಿ ಎಂಬುದು ರೇಣುಕಯ್ಯನಿಗೆ ಬಾಯಿಪಾಠ. ಮುಖ ಕಂಡರೆ ಸಾಕು, ಕೈ ತಾನೇ ಅಳೆಯುತ್ತಿತ್ತು. ಪಾಲಾಕ್ಷನ ಮನೆಯದು ಹೆಸರಿಗಷ್ಟೇ ಚಿಕೋರಿ, ಉಳಿದದ್ದೆಲ್ಲ ಕಾಫಿ.

ಮಾಘ ಕಳೆದು ಬಿಸಿಲು ಏರತೊಡಗಿದ್ದ ದಿನಗಳಲ್ಲಿ ಡಾಕ್ಟರು ಪಾಲಾಕ್ಷನ ತೋಳಿಗೆ ಪಟ್ಟಿ ಸುತ್ತಿ, ಬಿಪಿ ಜಾಸ್ತಿಯಿದೆ ಎಂದರು. ಮಾತ್ರೆ ಬರೆದುಕೊಟ್ಟು, ಕಾಫಿಯನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸಿ ಎಂದು ಹೇಳಿದರು. ಸ್ವಲ್ಪ ಸ್ವಲ್ಪವಾಗಿ ಎಂಬ ಮಾತನ್ನು ಗಂಗಲಕ್ಷ್ಮಿ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದಳು. ಅದು ಅವಳಿಗೆ ಆಮೇಲೆ ಮರೆತುಹೋಗಲಿಲ್ಲ.

"ಮಾತ್ರೆ ನುಂಗ್ತೀನಿ. ಕಾಫಿ ಸುದ್ದಿಗೆ ಬರಬೇಡ," ಎಂದ ಪಾಲಾಕ್ಷ, ಮನೆಗೆ ಬರುವ ದಾರಿಯಲ್ಲೇ.

"ಡಾಕ್ಟ್ರು ಹೇಳಿದ್ದು ನಿಮಗೆ ಕೇಳಿಸ್ಲಿಲ್ವಾ?"

"ಡಾಕ್ಟ್ರು ಬಸ್ ಓಡಿಸ್ತಾರಾ? ಸರ್ಲೇ."

ಅವಳು ಸುಮ್ಮನಾದಳು. ಅವಳು ಸುಮ್ಮನಾದಳೆಂದರೆ ಕೆಲಸ ಶುರುವಾಯಿತೆಂದೇ ಅರ್ಥ. ಹಳೆಯ ರೀತಿಯಲ್ಲೇ ನಡೆದಿದ್ದರೆ ಅವಳು ಚಿಕೋರಿಯನ್ನು ವಾರಕ್ಕಿಷ್ಟರಂತೆ ಏರಿಸುತ್ತ ಹೋಗಿ, ಯುಗಾದಿಯ ಹೊತ್ತಿಗೆ ಕಾಫಿಯನ್ನು ಅರ್ಧಕ್ಕೆ ತಂದಿರುತ್ತಿದ್ದಳು. ಆದರೆ ಅದೇ ವಾರ ಪಾವಗಡದಿಂದ ಫೋನು ಬಂತು. ಪಾಲಾಕ್ಷನ ಅಣ್ಣ ದೊಡ್ಡರಂಗಪ್ಪನಿಗೆ ಲಕ್ವ ಹೊಡೆದಿತ್ತು. ನೋಡಲು ಹೋದಾಗ ಆರಡಿ ಎತ್ತರದ ಆ ಮನುಷ್ಯ ಬಾಯಿ ಸೊಟ್ಟಗಾಗಿ, ಎಡಗೈಯನ್ನು ಬಲಗೈಯಿಂದ ಎತ್ತಿಟ್ಟುಕೊಂಡು ಕೂತಿದ್ದ. ಅಣ್ಣನಿಗೂ ಬಿಪಿಯೇ. ವಾಪಸು ಬರುವಾಗ ಬಸ್ಸಿನಲ್ಲಿ ಗಂಗಲಕ್ಷ್ಮಿ ಗಂಡನ ಎಡಗೈಯನ್ನೇ ನೋಡುತ್ತ ಕೂತಿದ್ದಳು. ಮಾರನೆಯ ದಿನ ರೇಣುಕಯ್ಯನ ಅಂಗಡಿಗೆ ಹೋದಳು.

"ಬರೀ ಚಿಕೋರಿನಾ? ಯಾರಿಗಮ್ಮಾ?" ಎಂದ ರೇಣುಕಯ್ಯ.

"ನಂಗೇ ಕಣಣ್ಣಾ. ಕಾಫಿ ಕುಡುದ್ರೆ ಎದೆ ಉರಿ."

"ನಿಮ್ಮ ಪುಡಿ ಡಬ್ಬದ ಪಕ್ಕದಾಗೆ ಇಡಬ್ಯಾಡ ಮತ್ತೆ. ಅದಲು ಬದಲಾದ್ರೆ ನಿಮ್ಮೆಜಮಾನ್ರು ಫಿಲ್ಟರ್ ಸಮೇತ ಬಂದು ನನ್ ತಲೆ ಮೇಲೆ ಕುಕ್ತಾರೆ."

ಅವಳೂ ನಕ್ಕಳು. ಪುಡಿ ಕಟ್ಟಿಸಿಕೊಂಡು ಬಂದಳು.

ಚಿಕೋರಿ ಒಂದು ಗಿಡದ ಬೇರು. ಹುರಿದು ಪುಡಿ ಮಾಡಿದರೆ ಕಪ್ಪು ಬಣ್ಣ ಬಿಡುತ್ತದೆ, ಕಹಿ ಬಿಡುತ್ತದೆ, ಡಿಕಾಕ್ಷನ್ ಎಣ್ಣೆಯಂತೆ ಮಂದವಾಗಿ ಇಳಿಯುತ್ತದೆ. ಕಾಫಿಯಲ್ಲಿ ಮನುಷ್ಯನನ್ನು ಎಚ್ಚರವಾಗಿಡುವ ಗುಣವೊಂದಿದೆಯಲ್ಲ, ಅದು ಮಾತ್ರ ಇದರಲ್ಲಿ ಇಲ್ಲ. ಗಂಗಲಕ್ಷ್ಮಿ ವಾಸನೆಗೆಂದು ಒಂದು ಚಿಟಿಕೆ ನಿಜವಾದ ಪುಡಿಯನ್ನು ಮೇಲೆ ಉದುರಿಸಿ, ಫಿಲ್ಟರಿಗೆ ನೀರು ಹೊಯ್ದಳು. ಬೆಲ್ಲ ಒಂದಿಷ್ಟು ಹೆಚ್ಚು ಹಾಕಿದಳು.

ಪಾಲಾಕ್ಷ ಮೊದಲ ಗುಟುಕು ಕುಡಿದು ಲೋಟವನ್ನು ಎತ್ತಿ ನೋಡಿದ.

"ಇವತ್ತಿನ ಕಾಫಿ ಗಟ್ಟಿ ಐತೆ ಕಣೆ. ಚೆನ್ನಾಗೈತೆ," ಎಂದ.

ಎರಡನೆಯ ದಿನ ಅವನಿಗೆ ತಲೆನೋವು. ಹಣೆಗೆ ಟವೆಲು ಬಿಗಿದುಕೊಂಡು, "ಇನ್ನೊಂದ್ ಲೋಟ ಕೊಡು, ತಲೆ ಸೀಳೋಗ್ತೈತೆ," ಎಂದ. ಅವಳು ಇನ್ನೊಂದು ಲೋಟ ಕೊಟ್ಟಳು. ಕೊಡುವಾಗ ಒಂದು ಗಳಿಗೆ ಕೈ ತಡೆಯಿತು. ಅಭ್ಯಾಸ ಬಿಡುವಾಗ ಇಷ್ಟು ಇದ್ದದ್ದೇ, ಎರಡು ದಿನದಲ್ಲಿ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ಮರುದಿನ ಅವನು ಸ್ನಾನದ ಮನೆಯಿಂದ ಹೊರಬರುವಾಗಲೇ ಆಕಳಿಸುತ್ತಿದ್ದ. ಊಟಕ್ಕೆ ಕೂತರೆ ಅನ್ನ ಕಲಸಿದ ಕೈ ಹಾಗೇ ನಿಲ್ಲುತ್ತಿತ್ತು. ಏನಾದರೂ ಕೇಳಿದರೆ ಒಂದು ಕ್ಷಣ ತಡೆದು "ಆಂ?" ಎನ್ನುತ್ತಿದ್ದ. ಅದರ ಮಾರನೆಯ ದಿನ ತಾನೇ ಕೇಳಿ ಫ್ಲಾಸ್ಕನ್ನು ಬಾಯಿಮಟ್ಟ ತುಂಬಿಸಿಕೊಂಡು ಹೋದ.

ಅಂದು ಮಧ್ಯಾಹ್ನ ಗಂಗಲಕ್ಷ್ಮಿ ಬೀದಿಯ ಹೆಂಗಸರ ಜೊತೆ ಜಗಲಿಯಲ್ಲಿ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಅಡವಯ್ಯನ ಫೋನು ಬಂತು.

"ಅಕ್ಕಾ, ಗಾಬರಿ ಆಗ್ಬ್ಯಾಡ. ಅಣ್ಣಂಗೇನೂ ಆಗಿಲ್ಲ. ಹುಲಿಕುಂಟೆ ಹತ್ರ ಒಂದು ಹೆಂಗ್ಸಿಗೆ ತಗಲ್ಬುಡ್ತು. ಕಾಲು ಮುರ್ದೈತೆ. ಸಿರಾ ಆಸ್ಪತ್ರೆಗೆ ತಂದಿದೀವಿ."

ಅವಳ ಬೆರಳಿಗೆ ಹುಣಸೆ ಅಂಟಿತ್ತು. ಫೋನಿಗೂ ಅಂಟಿತು. ಅವಳು ಕೇಳಿದ್ದು ಒಂದೇ ಪ್ರಶ್ನೆ: "ಹೆಂಗೆ ತಗುಲ್ತು?"

"ಮೇಕೆ ಮರಿ ಅಡ್ಡ ಬಂತು, ಅದರ ಹಿಂದೆ ಆಯಮ್ಮ ಬಂತು. ಅಣ್ಣ ಬ್ರೇಕ್ ಹೊಡ್ದ. ಒಸಿ ಲೇಟಾಗಿ ಹೊಡ್ದ ಅಷ್ಟೆ."

ಸಂಜೆ ಪಾಲಾಕ್ಷ ಬಂದ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು ಗೋಡೆಗೊರಗಿ ಕೂತ. ಗಂಗಲಕ್ಷ್ಮಿ ಅವನ ಮುಖ ನೋಡುವ ಮೊದಲು ಕೈಯಲ್ಲಿದ್ದ ಫ್ಲಾಸ್ಕನ್ನು ತೆಗೆದುಕೊಂಡಳು. ಅದರಲ್ಲಿ ಅರ್ಧ ಉಳಿದಿತ್ತು. ಹಿತ್ತಲಿಗೆ ಹೋಗಿ ಬಚ್ಚಲ ಮೋರಿಗೆ ಸುರಿದು, ಎರಡು ಸಲ ತೊಳೆದು, ಬೋರಲು ಹಾಕಿ ಒಳಗೆ ಬಂದಳು. ಗಂಡನಿಗೆ ಒಂದು ಲೋಟ ನೀರು ಕೊಡುವ ಮುಂಚೆ ತಾನು ಮಾಡಿದ್ದು ಈ ಕೆಲಸ ಎಂಬುದು ಅವಳ ಅರಿವಿಗೆ ಬಂದದ್ದು ಒಳಗೆ ಬಂದ ಮೇಲೆ.

"ನೋಡ್ದೆ ಕಣೆ," ಎಂದ ಪಾಲಾಕ್ಷ. "ನೋಡ್ಲಿಲ್ಲ ಅಂತ ಸುಳ್ಳು ಹೇಳಲ್ಲ. ಮರೀನೂ ನೋಡ್ದೆ, ಆಯಮ್ಮನ್ನೂ ನೋಡ್ದೆ. ಕಣ್ಣಿಗೆ ಬಂತು, ಕಾಲಿಗೆ ಬರ್ಲಿಲ್ಲ. ಯಾಕೆ ಬರ್ಲಿಲ್ಲ?"

ಅವಳು ಎದ್ದು ಅಡುಗೆಮನೆಗೆ ಹೋದಳು. ಚಿಕೋರಿಯ ಪೊಟ್ಟಣವನ್ನು ರಾಗಿಯ ಡ್ರಮ್ಮಿನೊಳಗೆ, ರಾಗಿಯ ಕೆಳಗೆ ಹೂತಿಟ್ಟಳು. ಮರುದಿನ ಬೆಳಿಗ್ಗೆ ಫಿಲ್ಟರಿಗೆ ಹಳೆಯ ಪುಡಿಯನ್ನು ಹಾಕಿದಳು.

ಅದನ್ನು ಕುಡಿದು ಪಾಲಾಕ್ಷ ಹೇಗೆ ಚೇತರಿಸಿಕೊಂಡ ಎಂಬುದನ್ನು ಅವಳು ಕಣ್ಣಾರೆ ಕಂಡಳು. ಹಾಗೆ ಕಾಣದಿದ್ದರೆ ಅವಳ ಸಂಕಟಕ್ಕೆ ಇನ್ನೂ ಒಂದು ತಪ್ಪಿಸಿಕೊಳ್ಳುವ ದಾರಿ ಇರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಹಣೆಯ ಟವೆಲು ಬಿಚ್ಚಿದ. ಮರುದಿನ ಆಕಳಿಕೆ ನಿಂತಿತು. ಅಂಗಳದಲ್ಲಿ ಅಳಿಲು ಓಡಿದರೆ ಕಣ್ಣು ಅದರ ಹಿಂದೆಯೇ ಹೋಗುತ್ತಿತ್ತು, ಮಾತನಾಡಿಸಿದರೆ ಥಟ್ಟನೆ ಉತ್ತರ ಬರುತ್ತಿತ್ತು. ಮುಖದಲ್ಲಿ ಗೆಲುವೊಂದು ಇರಲಿಲ್ಲ.

ಪೊಲೀಸರ ಕಡೆಯ ಓಡಾಟವನ್ನೂ ಆಸ್ಪತ್ರೆಯ ಖರ್ಚನ್ನೂ ಶಂಕರಲಿಂಗಪ್ಪನವರು ನೋಡಿಕೊಂಡರು. ಆದರೆ ಬಸ್ಸಿನ ಬೀಗದ ಕೈಯನ್ನು ಇಸಿದುಕೊಂಡು, "ಕಣ್ಣು, ಕೈ ಎರಡೂ ಪರೀಕ್ಷೆ ಮಾಡಿಸ್ಕಂಡು ಬಾ ಪಾಲಾಕ್ಷ. ಆಮೇಲೆ ಸ್ಟೇರಿಂಗು," ಎಂದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಗಂಡ ಹೆಂಡತಿ ಸಿರಾ ಆಸ್ಪತ್ರೆಗೆ ಹೋದರು. ಬಸ್ಸು ತಗುಲಿದ ಹೆಂಗಸು ಕೆಂಚಮ್ಮ ಮಂಚದ ಮೇಲೆ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದಳು. ಒಣಗಿದ ಮೈ, ಚುರುಕು ನಾಲಿಗೆ. ಪಾಲಾಕ್ಷ ಹಣ್ಣಿನ ಚೀಲವನ್ನು ಪಕ್ಕದಲ್ಲಿಟ್ಟು ಕೈಮುಗಿದು ನಿಂತ.

"ನೀನೇನಪ್ಪಾ ಡ್ರೈವರು? ಹೆಸ್ರೇನು?"

"ಪಾಲಾಕ್ಷ ಅಂತ, ಅಜ್ಜಿ."

"ಶಿವನ ಹೆಸ್ರು. ಮೂರು ಕಣ್ಣು ಮಡೀಕಂಡು ಒಂದ್ರಾಗೂ ನಾನು ಕಾಣ್ಲಿಲ್ವಾ? ಅಲ್ದೆ ಅಜ್ಜಿ ಅಂತ ಬೇರೆ ಅಂತೀಯ. ಕನ್ನಡೀಲಿ ಮಕ ನೋಡ್ಕಂಡಿದೀಯಾ? ಅಕ್ಕ ಅನ್ನು."

ಪಕ್ಕದ ಮಂಚದವರು ನಕ್ಕರು. ಪಾಲಾಕ್ಷ ನಗಲಿಲ್ಲ.

"ಕಣ್ಣು ಮುದಿಯಾಗೈತೆ ಅಕ್ಕಾ. ಕಂಡಿದ್ದು ತಲೆಗೆ ಹೋಗೋದ್ರೊಳಗೆ ತಡ ಆಗ್ತೈತೆ. ನನ್ ತಪ್ಪು."

"ತಪ್ಪು ಅಂದ್ರೆ ಕಾಲು ಕೂಡ್ಕತದಾ? ಬುಡು. ನನ್ ಮರಿ ಉಳೀತು." ಕೆಂಚಮ್ಮ ಗಂಗಲಕ್ಷ್ಮಿಯ ಕಡೆ ತಿರುಗಿದಳು. "ನೀನ್ಯಾಕವ್ವಾ ಅಂಗೆ ನಿಂತಿದೀಯ? ಗುದ್ದಿದ್ದು ನೀನೋ, ಅವನೋ?"

ಗಂಗಲಕ್ಷ್ಮಿ ಹಣ್ಣಿನ ಚೀಲಕ್ಕೆ ಕೈ ಹಾಕಿದಳು. ಕಿತ್ತಲೆ ಸುಲಿಯುವ ನೆಪ ಮಾಡಿಕೊಂಡು ಕೂತಳು. ಸುಲಿದ ತೊಳೆಗಳನ್ನು ಕೆಂಚಮ್ಮನ ಕೈಗೆ ಕೊಡುವಾಗ ಆ ಕಣ್ಣನ್ನು ನೋಡಲು ಆಗಲಿಲ್ಲ.

ಭಾನುವಾರ ಮಧುಶ್ರೀ ಬಂದಳು. ತುಮಕೂರಿನ ಒಂದು ಕಣ್ಣಾಸ್ಪತ್ರೆಯಲ್ಲಿ ಕಣ್ಣು ಪರೀಕ್ಷೆ ಮಾಡುವ ಕೆಲಸ ಅವಳದು. ಅಪ್ಪನನ್ನು ಬೆಳಕಿಗೆ ಕೂರಿಸಿ, ತಲೆ ಅಲ್ಲಾಡಿಸದೆ ತನ್ನ ಎರಡು ಬೆರಳುಗಳನ್ನು ಒಂದಾದ ಮೇಲೊಂದು ನೋಡುವಂತೆ ಹೇಳಿದಳು. ಆಮೇಲೆ ತನ್ನ ಹಳೆಯ ಸ್ಕೂಲು ಬ್ಯಾಗಿನಿಂದ ಒಂದು ಮರದ ಸ್ಕೇಲು ಹುಡುಕಿ ತಂದು, ಅವನ ಹೆಬ್ಬೆರಳು ತೋರುಬೆರಳಿನ ನಡುವೆ ನೇತುಬಿಟ್ಟು, ಹೇಳದೆ ಕೇಳದೆ ಕೈಬಿಟ್ಟಳು. ಪಾಲಾಕ್ಷ ಗಕ್ಕನೆ ಹಿಡಿದ. ಇನ್ನೊಂದು ಸಲ, ಮತ್ತೊಂದು ಸಲ. ಪ್ರತಿ ಸಲವೂ ಸ್ಕೇಲಿನ ಬುಡದಲ್ಲೇ ಹಿಡಿದ.

"ಇದೇನ್ ಆಟನಮ್ಮಾ?"

"ಕಣ್ಣು ನೋಡಿದ ಮೇಲೆ ಕೈ ಎಷ್ಟು ಬೇಗ ಹಿಡಿಯುತ್ತೆ ಅಂತ. ತಡ ಆದಷ್ಟೂ ಸ್ಕೇಲು ಕೆಳಕ್ಕೆ ಜಾರುತ್ತೆ. ನಂಗಿಂತ ನೀವೇ ಚುರುಕಿದೀರಪ್ಪ."

"ಅಂಗಾದ್ರೆ ಅವತ್ತು?"

ಮಧುಶ್ರೀ ಯೋಚಿಸಿದಳು. "ನಾವು ರೋಡ್ ನೋಡುವಾಗ ಕಣ್ಣು ಸರಾಗವಾಗಿ ಜಾರಿಕೊಂಡು ಹೋಗಲ್ಲಪ್ಪ, ಇಲ್ಲಿಂದ ಅಲ್ಲಿಗೆ ಎಗರೆಗರಿ ಹೋಗುತ್ತೆ. ನಿದ್ದೆಗೆಟ್ಟರೆ ಆ ಎಗರೋದು ನಿಧಾನ. ಕೈಕಾಲೂ ನಿಧಾನ. ಮತ್ತೆ, ದಿನಾ ತುಂಬಾ ಕಾಫಿ ಕುಡಿಯೋರು ಥಟ್ಟನೆ ಬಿಟ್ಟರೂ ಕೆಲವರಿಗೆ ಹಾಗಾಗುತ್ತೆ. ತಲೆನೋವು, ಮಂಪರು. ಸ್ವಲ್ಪ ದಿನದಲ್ಲಿ ಮೈ ಒಗ್ಗಿಕೊಳ್ಳುತ್ತೆ, ಅಲ್ಲಿವರೆಗೆ ಕಷ್ಟ." ಅವಳು ಅಡುಗೆಮನೆಯ ಬಾಗಿಲ ಕಡೆ ತಿರುಗಿದಳು. "ಅಮ್ಮಾ, ಆ ವಾರ ಅಪ್ಪ ಕಾಫಿ ಬಿಟ್ಟಿದ್ರಾ?"

ಗಂಗಲಕ್ಷ್ಮಿ ಬಾಗಿಲಲ್ಲೇ ನಿಂತಿದ್ದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಪಾಲಾಕ್ಷನೇ ನಕ್ಕ. ಆ ಹತ್ತು ದಿನಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

"ನಾನಾ, ಕಾಫಿ ಬಿಡೋದಾ? ಎಂದೂ ಇಲ್ಲದ ಗಟ್ಟಿ ಕಾಫಿ ಕುಡ್ದಿದೀನಿ ಆ ವಾರ. ಕೇಳು ನಿಮ್ಮಮ್ಮನ್ನ."

"ಹೂಂ," ಎಂದಳು ಗಂಗಲಕ್ಷ್ಮಿ. "ಕುಡ್ದ್ರು."

ಸಿರಾದ ಕಣ್ಣಿನ ಡಾಕ್ಟರು ಯಂತ್ರದ ಮುಂದೆ ಕೂರಿಸಿ ನೋಡಿದರು, ಗೋಡೆಯ ಅಕ್ಷರ ಓದಿಸಿದರು, ದೀಪ ಹೊತ್ತಿದಾಗ ಗುಂಡಿ ಒತ್ತಿಸಿದರು. ಎಲ್ಲ ಸರಿಯಿದೆ, ವಯಸ್ಸಿಗೆ ಮೀರಿ ಚೆನ್ನಾಗಿದೆ ಎಂದು ಬರೆದುಕೊಟ್ಟರು. ಗಂಗಲಕ್ಷ್ಮಿಗೆ ತಲೆಯ ಮೇಲಿನ ಬೆಟ್ಟ ಇಳಿದಂತಾಯಿತು. ಇನ್ನು ಅವನು ಬಸ್ಸು ಹತ್ತುತ್ತಾನೆ, ಕೆಂಚಮ್ಮನ ಕಾಲು ಕೂಡುತ್ತದೆ, ಚಿಕೋರಿಯನ್ನು ಒಂದು ದಿನ ಒಲೆಗೆ ಸುರಿದರೆ ಮುಗಿಯಿತು. ಮಾವನ ಉಪ್ಪಿನ ಹಾಗೆ, ಅತ್ತೆಯ ಹೊಗೆಸೊಪ್ಪಿನ ಹಾಗೆ ಇದೂ ಯಾರಿಗೂ ತಿಳಿಯದೆ ಸರಿಹೋಗುತ್ತದೆ.

ಮಾರನೆಯ ಬೆಳಿಗ್ಗೆ ಪಾಲಾಕ್ಷ ಖಾಕಿ ಹಾಕಿಕೊಳ್ಳಲಿಲ್ಲ. ಬಿಳಿ ಪಂಚೆ ಉಟ್ಟು, ಡಾಕ್ಟರ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಹೊರಟು ನಿಂತ.

"ಎಲ್ಲಿಗ್ರೀ?"

"ಯಜಮಾನರ ಮನೆಗೆ. ಬೇರೆ ಡ್ರೈವರ್ ನೋಡ್ಕಳಿ ಅಂತ ಹೇಳಿ ಬತ್ತೀನಿ."

"ಕಣ್ಣು ಸರಿ ಐತೆ ಅಂತ ಬರ್ಕೊಟ್ಟವ್ರಲ್ಲ."

"ಅದಕ್ಕೇ ಕಣೆ." ಅವನು ಹೊಸಿಲ ಮೇಲೆ ಕೂತ. ನಿಧಾನವಾಗಿ, ಲೆಕ್ಕ ಬಿಡಿಸುವವನ ಹಾಗೆ ಹೇಳಿದ: "ಕಣ್ಣು ಕೆಟ್ಟಿದ್ರೆ ಕನ್ನಡಕ ಹಾಕ್ಕಂತಿದ್ದೆ. ವಯಸ್ಸಾಗಿದ್ರೆ ವಯಸ್ಸಿನ ಮೇಲೆ ಹಾಕ್ತಿದ್ದೆ. ಕಣ್ಣೂ ಸರಿ, ಕೈಯೂ ಸರಿ. ಅಂದ್ಮೇಲೆ ಅವತ್ತು ಸರಿ ಇಲ್ದಿದ್ದು ನಾನು. ಎಲ್ಲೋ ಮನಸ್ಸಿಟ್ಟಿದ್ದೆ. ಬಸ್ಸಿನ ತುಂಬ ಜನಾನ ಕೂರಿಸ್ಕಂಡು ಎಲ್ಲೋ ಮನಸ್ಸಿಟ್ಟೋನು ನಾಳೆ ಮಗೂನ ಗುದ್ತಾನೆ. ನಂಗೆ ನನ್ ಮೇಲೆ ನಂಬಿಕೆ ಹೋಯ್ತು. ಸರ್ಲೇ."

ಅಷ್ಟು ದಿನ ಗಂಗಲಕ್ಷ್ಮಿ ಹೆದರಿದ್ದು, ಪರೀಕ್ಷೆಯಲ್ಲಿ ಅವನು ಸೋತರೆ ಎಂದು. ಗೆದ್ದರೆ ಏನಾಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ. ಅವಳು ಕದ್ದು ಮತ್ತೆ ಕೊಟ್ಟ ಒಳ್ಳೆಯ ಕಾಫಿ ಅವನಿಗಿದ್ದ ಒಂದೇ ಒಂದು ಸಮಾಧಾನವನ್ನೂ ಕಿತ್ತುಕೊಂಡಿತ್ತು. ಆ ತಪ್ಪು ಮುಪ್ಪಿನದೂ ಅಲ್ಲ, ಕಣ್ಣಿನದೂ ಅಲ್ಲ, ಇವನದೇ ಎಂದಾಗಿತ್ತು.

"ಒಸಿ ಕೂತಿರಿ. ಕಾಫಿ ಕುಡ್ದು ಹೋಗಿ," ಎಂದಳು.

ಒಳಗೆ ಹೋಗಿ ಡ್ರಮ್ಮಿನ ರಾಗಿಯೊಳಗೆ ಮೊಣಕೈವರೆಗೂ ಕೈ ಇಳಿಸಿ ಪೊಟ್ಟಣವನ್ನು ತೆಗೆದಳು. ಫಿಲ್ಟರು, ಹಾಲು, ಬೆಲ್ಲ ಎಲ್ಲವನ್ನೂ ಹೊರಗೆ ತಂದು ಅವನ ಕಣ್ಣೆದುರಿಗೇ ಜೋಡಿಸಿದಳು. ಪೊಟ್ಟಣ ಬಿಚ್ಚಿ ಪುಡಿ ಹಾಕಿದಳು. ಬಿಸಿನೀರು ಹೊಯ್ದಳು. ಡಿಕಾಕ್ಷನ್ ಇಳಿಯುವವರೆಗೂ ಅವನು ಏನೂ ಅರ್ಥವಾಗದೆ ಫಿಲ್ಟರನ್ನೂ ಅವಳನ್ನೂ ನೋಡುತ್ತಿದ್ದ. ಲೋಟ ಕೊಟ್ಟಳು. ಅವನು ಒಂದು ಗುಟುಕು ಕುಡಿದ.

"ಗಟ್ಟಿ ಐತೆ," ಎಂದ. ಆಮೇಲೆ ಲೋಟವನ್ನು ನೋಡಿದ. ಇನ್ನೊಂದು ಗುಟುಕು ಕುಡಿದ. "ಇದು ಆ ವಾರದ್ದು."

"ಹೂಂ. ಕಾಫಿ ಅಲ್ಲ ಅದು. ಬರೀ ಚಿಕೋರಿ. ನಿಮ್ಮಣ್ಣನ್ನ ನೋಡ್ಕಂಡು ಬಂದ್ಮೇಲೆ ನಂಗೆ ಭಯ ಆಯ್ತು. ಹೇಳಿದ್ರೆ ಕೇಳಲ್ಲ ಅಂತ ಹೇಳ್ದೆ ಮಾಡ್ದೆ. ಡಾಕ್ಟ್ರು ಸ್ವಲ್ಪ ಸ್ವಲ್ಪ ಇಳ್ಸಿ ಅಂದಿದ್ರು, ನಾನು ಒಂದೇ ಸಲ ನಿಲ್ಸಿದೆ. ಮಧು ಕೇಳ್ದಾಗ ಸುಳ್ಳು ಹೇಳ್ದೆ."

ಪಾಲಾಕ್ಷ ಲೋಟವನ್ನು ಕೆಳಗಿಟ್ಟ.

"ತಲೆ ಸೀಳೋಗ್ತೈತೆ, ಇನ್ನೊಂದು ಲೋಟ ಕೊಡು ಅಂದ್ನಲ್ಲ. ಆಗ್ಲೂ ಇದೇನಾ?"

"ಆಗ್ಲೂ ಇದೇ."

"ಕೊಡ್ವಾಗ ಗೊತ್ತಿತ್ತಾ, ಇದರಿಂದ್ಲೇ ನೋವು ಅಂತ?"

ಇಲ್ಲ ಎನ್ನಬಹುದಿತ್ತು. "ಗೊತ್ತಿತ್ತು," ಎಂದಳು.

ಅವನು ಸರ್ಲೇ ಎನ್ನಲಿಲ್ಲ. ಎದ್ದು ಟವೆಲನ್ನು ಹೆಗಲಿಗೆ ಹಾಕಿಕೊಂಡ. "ಸೀರೆ ಬದಲಾಯ್ಸು. ಹುಲಿಕುಂಟೆಗೆ ಹೋಗಾಣ. ನನ್ ಮುಂದೆ ಹೇಳಿದ್ದು ಸಾಕಾಗಲ್ಲ. ಕಾಲು ಮುರ್ದಿರೋದು ನಂದಲ್ಲ."

ತನ್ನದೇ ಬಸ್ಸಿನಲ್ಲಿ ಪಾಲಾಕ್ಷ ಅಂದು ಟಿಕೆಟ್ ತೆಗೆದುಕೊಂಡು ಕೂತ. ಸ್ಟೇರಿಂಗ್ ಮೇಲೆ ಬೇರೆಯವನಿದ್ದ. ಅಪಘಾತವಾದ ಜಾಗ ಬಂದಾಗ ಅವನ ಬಲಗಾಲು ಬಸ್ಸಿನ ತಗಡಿನ ನೆಲವನ್ನು ಒತ್ತಿತು. ಅದನ್ನು ಅವಳು ನೋಡಿದಳು.

ಕೆಂಚಮ್ಮನನ್ನು ಮನೆಗೆ ಕಳಿಸಿದ್ದರು. ಬೇವಿನ ನೆರಳಲ್ಲಿ ಮಂಚ, ಮಂಚದ ಕಾಲಿಗೆ ಕಟ್ಟಿದ ಆ ಮೇಕೆ ಮರಿ. ಗಂಗಲಕ್ಷ್ಮಿ ನೆಲದ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿದಳು. ಲಕ್ವದ ಭಯವನ್ನು ಹೇಳುವಾಗ ಅದು ನೆಪದಂತೆ ಕೇಳಿಸಿತೆಂದು ಅರ್ಧಕ್ಕೇ ಬಿಟ್ಟಳು.

ಕೆಂಚಮ್ಮ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದಳು. "ಅಂದ್ರೆ ನೀನು ಗಂಡನ್ನ ಉಳಿಸ್ಕಳಕ್ಕೆ ಹೋಗಿ ನನ್ ಕಾಲು ಮುರ್ದೆ."

"ಹೂಂ."

"ನಾನೂ ಬಸ್ಸು ನೋಡ್ದಂಗೆ ಮರಿ ಹಿಂದೆ ಓಡ್ದೆ. ಅದ್ನೂ ಸೇರ್ಸು." ಎಲೆ ಮಡಚಿ ಬಾಯಿಗಿಟ್ಟುಕೊಂಡಳು. "ಸೇರ್ಸಿದ್ರೂ ನಿಂದೇನೂ ಕಮ್ಮಿ ಆಗಕ್ಕಿಲ್ಲ ಕಣಮ್ಮ. ಸುಮ್ಕೆ ಹೇಳ್ದೆ."

"ಗೊತ್ತು."

"ನನ್ ಸೊಸೇನೂ ಇಂಗೇ. ಮಾತ್ರೇನ ಬಾಳೆಹಣ್ಣೊಳಗೆ ತುರುಕಿ ತಂದ್ಕೊಡ್ತಾಳೆ, ನಂಗೆ ಗೊತ್ತಾಗಕ್ಕಿಲ್ಲ ಅಂತ. ನಾನು ಅದ್ನ ಉಗುದು ಮೇಕೆಗೆ ಹಾಕ್ತೀನಿ." ಒಳಗಿನಿಂದ ಪಾತ್ರೆಯ ಸದ್ದು ಥಟ್ಟನೆ ನಿಂತಿತು. ಕೆಂಚಮ್ಮ ದನಿ ತಗ್ಗಿಸಲಿಲ್ಲ. "ನಾವೇನು ಹಸುಗೂಸಾ? ಹೇಳಿ ಕೊಡ್ಬೇಕು. ಬೈದ್ರೆ ಬೈಸ್ಕಬೇಕು."

ಪಾಲಾಕ್ಷ ಬೇವಿನ ಬೊಡ್ಡೆಗೆ ಒರಗಿ ನಿಂತಿದ್ದ. ಹೊರಡುವಾಗ ಮರಿಯ ತಲೆ ಸವರಿ, "ಬತ್ತೀನಕ್ಕಾ," ಎಂದ, ಅಷ್ಟೇ.

ಅವನು ಡ್ರೈವರ್ ಕೆಲಸ ಬಿಡಲಿಲ್ಲ. ಶಂಕರಲಿಂಗಪ್ಪನವರಿಗೆ, "ಥಟ್ ಅಂತ ಕಾಫಿ ಬಿಟ್ಟಿದ್ದೆ ಯಜಮಾನ್ರೇ, ಮಂಪರು ಹಿಡ್ಕಂಡಿತ್ತು. ಮೈ ಸರಿ ಇಲ್ದಾಗ ಸ್ಟೇರಿಂಗ್ ಮುಟ್ಟಿದ್ದು ನನ್ ತಪ್ಪು," ಎಂದು ಹೇಳಿದ. ಹೆಂಡತಿಯ ಹೆಸರೆತ್ತಲಿಲ್ಲ. ಇದು ಗಂಗಲಕ್ಷ್ಮಿಗೆ ಅಡವಯ್ಯನಿಂದ ಗೊತ್ತಾಯಿತು. ಅವನು ಬೈದಿದ್ದರೆ, ನಾಲ್ಕು ಜನರ ಮುಂದೆ ಹೇಳಿ ಮಾನ ಕಳೆದಿದ್ದರೆ ಅವಳ ಭಾರ ಒಂದಿಷ್ಟು ಇಳಿಯುತ್ತಿತ್ತೇನೋ. ಅವನು ಹಾಗೆ ಮಾಡಲಿಲ್ಲ.

ಅಂದಿನಿಂದ ಕಾಫಿ ಅವನೇ ಮಾಡುತ್ತಾನೆ. ಫಿಲ್ಟರಿಗೆ ಪುಡಿ ಹಾಕುವಾಗ ಕಂಡಕ್ಟರು ಊರಿನ ಹೆಸರು ಕೂಗುವ ಹಾಗೆ ಕೂಗುತ್ತಾನೆ: "ಎರಡು ಚಮಚ ಕಾಫಿ. ಒಂದು ಚಮಚ ಚಿಕೋರಿ." ತಿಂಗಳು ಕಳೆದಂತೆ ಕಾಫಿ ತಾನೇ ತಾನಾಗಿ ಇಳಿದಿದೆ, ಡಾಕ್ಟರು ಹೇಳಿದಂತೆ, ಸ್ವಲ್ಪ ಸ್ವಲ್ಪವಾಗಿ. ಮಧುಶ್ರೀಗೆ ನಿಜ ಹೇಳಿದ್ದಾಯಿತು. ಅವಳು, ಕಾಫಿ ನಿಂತದ್ದರಿಂದಲೇ ಹಾಗಾಯಿತೆಂದು ಖಡಾಖಂಡಿತವಾಗಿ ಯಾರೂ ಹೇಳಲಾರರು, ಆಗಲಿಲ್ಲವೆಂದೂ ಹೇಳಲಾರರು ಎಂದಳು. ಗಂಗಲಕ್ಷ್ಮಿ ಎರಡನೆಯ ಅರ್ಧವನ್ನಷ್ಟೇ ಇಟ್ಟುಕೊಂಡಳು. ತಾನು ಒಲೆಯ ಮುಂದೆ ಕೂತಾಗ ಅವಳೂ ಈಗ ಬಾಯಿಬಿಟ್ಟು ಹೇಳುತ್ತಾಳೆ, ಇವತ್ತು ಉಪ್ಪು ಕಮ್ಮಿ, ಇವತ್ತು ಎಣ್ಣೆ ಕಮ್ಮಿ ಎಂದು. ಅವನು ಕೆಲವು ದಿನ ಗೊಣಗುತ್ತಾನೆ. ಸರ್ಲೇ ಎನ್ನುವುದು ಮರಳಿ ಬಂದಿದೆ, ಅಪರೂಪಕ್ಕೆ.

ಮುಂಗಾರಿನ ಬಿತ್ತನೆಯ ಹೊತ್ತಿಗೆ ಕೆಂಚಮ್ಮ ಕೋಲು ಹಿಡಿದು ಓಡಾಡತೊಡಗಿದಳು. ಗಂಗಲಕ್ಷ್ಮಿ ಆಗಾಗ ಹೋಗಿ ಬರುತ್ತಾಳೆ. ಒಂದು ಸಲ ಪಾಲಾಕ್ಷನ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದಳು. ಹುಲಿಕುಂಟೆ ಇನ್ನೂ ಸ್ವಲ್ಪ ದೂರವಿದ್ದಂತೆ ರಸ್ತೆಯ ಬದಿಯಲ್ಲಿ ಮೇಕೆಗಳು ಕಂಡವು, ಅವುಗಳ ಹಿಂದೆ ಕೆಂಚಮ್ಮ. ಪಾಲಾಕ್ಷ ಅಷ್ಟು ದೂರದಿಂದಲೇ ಬ್ರೇಕಿನ ಮೇಲೆ ಕಾಲಿಟ್ಟು ಬಸ್ಸು ನಿಲ್ಲಿಸಿದ. ಕೆಂಚಮ್ಮನೂ ನಿಂತಳು. ಅವನು ದಾಟು ಎಂದು ಕೈ ಮಾಡಿದ. ಅವಳು ನೀನು ಹೋಗು ಎಂದು ಕೋಲು ಬೀಸಿದಳು. ಇವನು ಹೋಗಲಿಲ್ಲ, ಅವಳು ದಾಟಲಿಲ್ಲ. ಮೊದಲೆಲ್ಲ ಬಸ್ಸಿನ ಸದ್ದನ್ನು ಕಿವಿಯಲ್ಲೇ ಅಳೆದು ದಡಬಡ ದಾಟಿಬಿಡುತ್ತಿದ್ದ ಹೆಂಗಸು ಅವಳು. ಈಗ ಎಡಗೈಯಲ್ಲಿ ಬೇಲಿಯ ಕಲ್ಲುಕಂಬವನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

ಕೊನೆಗೆ ಕೂಗಿದಳು: "ಕಾಫಿ ಕುಡ್ದಿದೀಯೇನಪ್ಪಾ ಡ್ರೈವರಪ್ಪಾ?"

ಪಾಲಾಕ್ಷ ಕಿಟಕಿಯಿಂದ ತಲೆ ಹೊರಗೆ ಹಾಕಿದ. "ಕುಡ್ದಿದೀನಕ್ಕಾ. ನಾನೇ ಮಾಡ್ಕಂಡು ಕುಡ್ದಿದೀನಿ."

"ಅಂಗಾದ್ರೆ ಸೈ," ಎಂದು ಕೆಂಚಮ್ಮ ಕಂಬ ಬಿಟ್ಟು, ಕೋಲೂರುತ್ತ, ಒಂದು ಕಾಲನ್ನು ಎಳೆದುಕೊಂಡು ರಸ್ತೆ ದಾಟತೊಡಗಿದಳು.

ಏನು ಎತ್ತ ಗೊತ್ತಿಲ್ಲದಿದ್ದರೂ ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಅಡವಯ್ಯನೂ ನಕ್ಕ. ಗಂಗಲಕ್ಷ್ಮಿ ಆ ಕಾಲು ಆಚೆ ಬದಿ ಮುಟ್ಟುವವರೆಗೂ ಕಣ್ಣು ಕೀಳಲಿಲ್ಲ.